ಸುಂದರವ್ವನ ಪಾಳಿ

ಸವದತ್ತಿಯ ಕೂಟ ಮುಗಿಸಿ ಬಂದ ಒಂಬತ್ತನೆಯ ದಿನ ನಾಗರತ್ನಾ ಕೆಲಸದಿಂದ ಮನೆಗೆ ಮರಳಿದಾಗ, ಬೋರಲು ಹಾಕಿ ಹೋಗಿದ್ದ ಕೊಡ ನೆಟ್ಟಗೆ ಕೂತು ಬಾಯಿತನಕ ತುಂಬಿಕೊಂಡಿತ್ತು.

ಅವಳು ಬೆಚ್ಚಲಿಲ್ಲ. ಬಾಗಿಲಲ್ಲೇ ನಿಂತು ನಕ್ಕಳು. ತೊರಗಲ್ಲಿಗೆ ಬಂದು ಮೂರು ತಿಂಗಳಾಗುತ್ತ ಬಂದಿತ್ತು, ಈ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು. 'ಯಾರಿಗೋ ನನ್ನ ಚೀಟಿ ಬಂದೈತಿ' ಎಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬಂದು, ಆ ನೀರನ್ನೇ ಒಂದು ತಂಬಿಗೆ ಮೊಗೆದು ಕುಡಿದಳು.

ಚೀಟಿಯ ವಿಷಯ ಇಲ್ಲೇ ಹೇಳಿಬಿಡಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲಿ ಚದುರಿಕೊಂಡು, ಕ್ರಿಸ್ತನ ಹೆಸರಿನಲ್ಲಿ ಜನರ ಸೇವೆ ಮಾಡುವವರು ಎಂಟು ಮಂದಿ. ಒಬ್ಬರು ಹೊಲಿಗೆ ಕಲಿಸುತ್ತಾರೆ, ಒಬ್ಬರು ಶಾಲೆ ಬಿಟ್ಟ ಮಕ್ಕಳಿಗೆ ಪಾಠ ಹೇಳುತ್ತಾರೆ, ಇನ್ನೊಬ್ಬರು ಕುಡಿತ ಬಿಡಿಸಲು ಹೆಣಗುತ್ತಾರೆ. ಊರಿನ ಜನ ಒಳ್ಳೆಯವರೇ. ಆದರೆ ದಣಿದು ಬಂದ ಸಂಜೆ 'ಇವತ್ತ ಹೆಂಗಿತ್ತು' ಎಂದು ಕೇಳುವ ತಮ್ಮವರು ಅಂತ ಯಾರೂ ಇರುವುದಿಲ್ಲ. ಅದಕ್ಕೇ ತಿಂಗಳ ಮೊದಲ ಶನಿವಾರ ಒಂದೊಂದು ಊರಿನಲ್ಲಿ ಎಂಟೂ ಜನ ಕೂಡುತ್ತಾರೆ. ಹಾಡು, ಪ್ರಾರ್ಥನೆ, ರೊಟ್ಟಿ ಊಟ ಆದ ಮೇಲೆ ಒಂದು ಹಳೆಯ ಬಿಸ್ಕೀಟಿನ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ. ಅದರಲ್ಲಿ ಎಲ್ಲರ ಹೆಸರಿನ ಚೀಟಿಗಳು. ಒಂದನ್ನು ಎತ್ತಿ, ಯಾರಿಗೂ ತೋರಿಸದೆ ಬೈಬಲ್ಲಿನೊಳಗೆ ಇಟ್ಟುಕೊಳ್ಳಬೇಕು. ಮುಂದಿನ ತಿಂಗಳು ಪೂರ್ತಿ, ದಿನಾ ಬೆಳಿಗ್ಗೆ ಆ ಹೆಸರಿನವರಿಗಾಗಿ ಪ್ರಾರ್ಥನೆ ಮಾಡಬೇಕು. ಜೊತೆಗೆ ಅವರಿಗೆ ತಿಳಿಯದ ಹಾಗೆ ಒಂದು ಉಪಕಾರ. ಯಾರ ಚೀಟಿ ಯಾರಿಗೆ ಬಂತೆಂದು ಕೇಳುವಂತಿಲ್ಲ, ಹೇಳುವಂತಿಲ್ಲ. ತಿಂಗಳು ಮುಗಿದ ಮೇಲೆ ಚೀಟಿ ಮತ್ತೆ ಡಬ್ಬಿಗೆ.

ನಾಗರತ್ನಾ ಈ ಎಂಟರಲ್ಲಿ ಹೊಸಬಳು. ನರ್ಸಿಂಗ್ ಕಲಿತವಳು, ಮೂವತ್ತೆಂಟು ವಯಸ್ಸು. ತೊರಗಲ್ಲಿನ ಕೋಟೆಯೊಳಗಿನ ಓಣಿಗಳಲ್ಲಿ ಹಾಸಿಗೆ ಹಿಡಿದವರ ಮನೆಗೆ ಹೋಗಿ, ಮೈ ಒರೆಸಿ, ಹುಣ್ಣು ತೊಳೆದು ಕಟ್ಟಿ, ಮಗ್ಗುಲು ಬದಲಿಸಿ ಬರುವುದು ಅವಳ ಕೆಲಸ. ಅವಳಿಗಿಂತ ಮೊದಲು ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವರು ಸುಂದರವ್ವ. ಬೇಸಿಗೆಯ ಒಂದು ಮಧ್ಯಾಹ್ನ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಕೋಟೆಗೋಡೆಯ ನೆರಳಿಗೆ ಎರಡು ನಿಮಿಷ ಕೂತವರು ಏಳಲಿಲ್ಲ. ಮಡಿಲಲ್ಲಿ ಬಿಳಿ ಅರಿವೆಯ ಸುರುಳಿ ಹಾಗೇ ಇತ್ತಂತೆ.

"ಮೂರ ತಿಂಗಳ ಮಟ್ಟಿಗೆ ಹೋಗತೇನಿ. ಅಷ್ಟರಾಗ ಬ್ಯಾರೆಯವರನ್ನ ನೋಡ್ಕೋರಿ" ಎಂದು ಹೇಳಿಯೇ ನಾಗರತ್ನಾ ಬಂದಿದ್ದಳು. ಸುಂದರವ್ವನ ಬಾಡಿಗೆ ಮನೆಯಲ್ಲೇ ಇಳಿದಿದ್ದಳು. ಬೈಲಹೊಂಗಲದ ಒಂದು ಆಸ್ಪತ್ರೆಯಿಂದ ವಾರ್ಡಿನ ಕೆಲಸಕ್ಕೆ ಕರೆ ಬಂದು ಅವಳ ಚೀಲದಲ್ಲಿ ಕೂತಿತ್ತು. ಅಲ್ಲಿ ತಂಗಿ ಮೀನಾಳ ಮನೆಯಿದೆ, ಮಾತಿಗೆ ಜನರಿದ್ದಾರೆ. ಮುಂದಿನ ಕೂಟ ರಾಮದುರ್ಗದಲ್ಲಿ. ಅಲ್ಲಿ ಎಲ್ಲರೆದುರು ಹೇಳಿ ಬಿಡುಗಡೆ ತೆಗೆದುಕೊಂಡು, ಸೋಮವಾರ ಆಸ್ಪತ್ರೆಗೆ ಹಾಜರಾಗುವುದೆಂದು ಅವಳು ನಿಶ್ಚಯಿಸಿದ್ದಳು. ಹಾಗಿರುವಾಗ ಈ ತುಂಬಿದ ಕೊಡ.

ಮನೆಯ ಮುಂಬಾಗಿಲಿಗೆ ಕೀಲಿ ಹಾಕಿತ್ತು. ಆದರೆ ಹಿತ್ತಲ ಬಾಗಿಲ ಸಂದಿನಲ್ಲಿ ಎರಡು ಬೆರಳು ತೂರಿಸಿದರೆ ಒಳಚಿಲಕ ಸರಿಯುತ್ತಿತ್ತು. ಸವದತ್ತಿಯ ಪೂನಮ್ ಹಿಂದೆ ಈ ಮನೆಗೆ ಬಂದು ಹೋಗಿ ಮಾಡುತ್ತಿದ್ದವಳು, ಅವಳಿಗೆ ಅದು ಗೊತ್ತಿರಬಹುದು. 'ಪಾಪ, ಎರಡು ಬಸ್ ಬದಲಿಸಿ ಬಂದು, ನನ್ನ ಮಾರಿ ಸಹ ನೋಡದೆ ಹೋದಳಲ್ಲ' ಎಂದು ನಾಗರತ್ನಾಳ ಕಣ್ಣು ಹನಿಗೂಡಿತು.

ಎರಡು ದಿನ ಬಿಟ್ಟು, ಸೆರಗು ಹರಿದಿದ್ದ ಅವಳ ಬಿಳಿ ಸೀರೆಗೆ ಸಣ್ಣ ಸಣ್ಣ ಹೊಲಿಗೆ ಬಿದ್ದಿತ್ತು. ಆಮೇಲೆ ಒಲೆಯ ಪಕ್ಕ ಬೇವಿನ ಎಲೆ ಕುದಿಸಿದ ನೀರು, ಇನ್ನೂ ಬೆಚ್ಚಗೆ. ಉಪಕಾರ ಒಂದೇ ಎಂಬುದು ನಿಯಮ. ಇದು ಮೂರಾಯಿತು. 'ಪೂನಮ್‌ಗೆ ಎಣಿಕೆ ಬರುವುದಿಲ್ಲವೇನು' ಎಂದು ಅವಳು ಬೇವಿನ ನೀರನ್ನು ಪಾತ್ರೆಗೆ ಸೋಸಿಕೊಂಡಳು. ಆದರೆ ಆ ದಿನ ಅವಳಿಗೆ ನಗು ಬರಲಿಲ್ಲ. ನೀರು ಇಷ್ಟು ಬೆಚ್ಚಗಿದ್ದರೆ ಕಾಯಿಸಿದವರು ಈಗಷ್ಟೇ ಹೋಗಿರಬೇಕು. ಓಣಿಯಲ್ಲಿ ಅವಳಿಗೆ ಯಾರೂ ಎದುರಾಗಿರಲಿಲ್ಲ.

ಅದೇ ನೀರು ಹಿಡಿದುಕೊಂಡು ಹಾಜಿರಾಬಿಯ ಮನೆಗೆ ಹೋದಳು. ಎಪ್ಪತ್ತು ದಾಟಿದ ಭಾರಿ ಮೈಯ ಹೆಂಗಸು ಹಾಜಿರಾಬಿ. ಲಕ್ವಾ ಹೊಡೆದು ನಾಲ್ಕು ವರ್ಷದಿಂದ ಮಂಚ ಹಿಡಿದಿದ್ದಳು, ಕಣ್ಣೂ ಹೋಗಿತ್ತು. ಮಗ ಟೆಂಪೋ ಓಡಿಸುತ್ತಾನೆ, ಸೊಸೆ ಗುಲಫಶಾ ಹಗಲು ಹೊಲದ ಕೂಲಿಗೆ ಹೋಗಿ ಸಂಜೆ ನಾಲ್ಕೂವರೆಗೆ ಬರುತ್ತಾಳೆ. ಬೆನ್ನ ಕೆಳಗಿನ ಹುಣ್ಣನ್ನು ದಿನ ತಪ್ಪದೆ ತೊಳೆಯದಿದ್ದರೆ ಮುದುಕಿ ಉಳಿಯುವಂತಿರಲಿಲ್ಲ.

"ಮತ್ತ ಯಾಕ ಬಂದಿ ಬೇಟಿ?" ಎಂದಳು ಹಾಜಿರಾಬಿ, ಹೆಜ್ಜೆಯ ಸಪ್ಪಳ ಕೇಳಿ. "ಈಗರೆ ತೊಳದು ಕಟ್ಟಿ ಹೋದಿ."

"ನಾ ಈಗ ಬರಾಕತ್ತೇನಿ ಅಮ್ಮಾ."

"ಹಂಗಾರ ಬ್ಯಾರೆದಾಕಿ. ನಾನೂ ಅನ್ಕೊಂಡೆ, ಇಕಿ ಕೈ ಇಷ್ಟ ಹಗುರ ಯಾವಾಗ ಆತು ಅಂತ. ಆಕಿ ಕೈ ಅಂದ್ರ ಹತ್ತಿ ಅರಳಿ ಇದ್ದಂಗ. ನಿಂದು ಐತಲ್ಲ, ಮುಸರಿ ತಿಕ್ಕೋ ತೆಂಗಿನ ನಾರು!"

"ನಾರು ಇದ್ರನ ಹೊಲಸು ಹೋಗತೇತಿ" ಎಂದು ನಗುತ್ತ ನಾಗರತ್ನಾ ಹೊದಿಕೆ ಸರಿಸಿದಳು. ಹುಣ್ಣು ಶುಭ್ರವಾಗಿತ್ತು. ಹೊಸ ಬಿಳಿ ಅರಿವೆ ಸುತ್ತಿ, ಸೊಂಟದ ಬದಿಗೆ ಒಂದು ಪುಟ್ಟ ಗಂಟು ಹಾಕಿತ್ತು. ನಾಗರತ್ನಾ ಯಾವತ್ತೂ ಅಂಟುಪಟ್ಟಿ ಹಚ್ಚುವವಳು, ಗಂಟು ಹಾಕುವವಳಲ್ಲ.

ಹೊಲದಿಂದ ಬಂದ ಗುಲಫಶಾ ಬಗ್ಗಿ ನೋಡಿದಳು. "ಇದು ನೇಕಾರ ಗಂಟರೀ ಸಿಸ್ಟರ್. ಮಗ್ಗದಾಗ ಎಳಿ ಹರದ್ರ ಹಾಕತಾರಲ್ಲ, ಅದು. ಸುಂದರವ್ವಕ್ಕ ನೇಕಾರ ಮನಿ ಮಗಳು. ಆಕಿ ಒಬ್ಬಾಕಿನ ಹಿಂಗ ಕಟ್ಟತಿದ್ಲು."

"ನಮ್ಮವರು ಯಾರೋ ಆಕಿ ಕಡೆ ಕಲತಿರಬೇಕು" ಎಂದಳು ನಾಗರತ್ನಾ. ಹೇಳುವಾಗ ತನ್ನ ದನಿ ತನಗೇ ತೆಳ್ಳಗೆ ಕೇಳಿಸಿತು.

ಮರುದಿನ ಅವಳು ಡಬ್ಬಿ ತೆಗೆದಳು. ರಾಮದುರ್ಗದ ಕೂಟ ನಡೆಸುವುದು ಅವಳ ಪಾಲಿಗೆ ಬಂದಿದ್ದರಿಂದ ಡಬ್ಬಿಯನ್ನು ಅವಳ ಕೈಗೇ ಕೊಟ್ಟು ಕಳಿಸಿದ್ದರು. ಒರೆಸಿಡೋಣವೆಂದು ಮುಚ್ಚಳ ತೆಗೆದರೆ, ಖಾಲಿ ಇರಬೇಕಾದ ಡಬ್ಬಿಯ ತಳದಲ್ಲಿ ಒಂದು ಚೀಟಿ. ಬಿಡಿಸಿದಳು. 'ನಾಗರತ್ನಾ, ತೊರಗಲ್' ಎಂದಿತ್ತು.

ಅವಳು ಅಲ್ಲೇ ನೆಲಕ್ಕೆ ಕೂತಳು. ಸುಂದರವ್ವ ಹೋದ ಮೇಲೆ ಎರಡು ತಿಂಗಳು ಯಾರಿಗೂ ಚೀಟಿ ಎತ್ತುವ ಮನಸ್ಸಾಗಿರಲಿಲ್ಲ. ಸವದತ್ತಿಯಲ್ಲೇ ಮತ್ತೆ ಶುರುವಾದದ್ದು. ನಾಗರತ್ನಾಳ ಹೆಸರನ್ನು ಹೊಸದಾಗಿ ಬರೆದು ಹಾಕಿದ್ದರು. ಸುಂದರವ್ವನ ಹೆಸರನ್ನು ತೆಗೆಯಲು ಒಬ್ಬರಿಗೂ ಕೈ ಬಂದಿರಲಿಕ್ಕಿಲ್ಲ. ಇನ್ನೊಬ್ಬರು ತೆಗೆದಿರುತ್ತಾರೆ ಅಂತ ಒಬ್ಬೊಬ್ಬರೂ ಸುಮ್ಮನಾಗಿರಬೇಕು. ಎಂಟು ಜನ, ಒಂಬತ್ತು ಚೀಟಿ. ಯಾರೋ ಒಬ್ಬರು ಸತ್ತವಳ ಹೆಸರನ್ನು ಎತ್ತಿಕೊಂಡು ಹೋಗಿದ್ದಾರೆ. ತನ್ನ ಹೆಸರು ಯಾರಿಗೂ ಬಂದಿಲ್ಲ. ಈ ತಿಂಗಳು ತನಗಾಗಿ ಪ್ರಾರ್ಥಿಸುವವರು ಯಾರೂ ಇಲ್ಲ, ತೊರಗಲ್ಲಿಗೆ ಬಂದವರೂ ಯಾರೂ ಇಲ್ಲ.

ಮೊದಲು ಬಂದದ್ದು ಅಳು. ಭಯ ಬಂದದ್ದು ಆಮೇಲೆ, ಕೊಡದಲ್ಲಿ ನೀರು ತುಳುಕಿದ ಸಪ್ಪಳ ಕೇಳಿದಾಗ. ಅವಳು ಆ ಕಡೆ ತಿರುಗಿ ನೋಡಲಿಲ್ಲ.

ಆ ಮಧ್ಯಾಹ್ನ ಅವಳು ಒಂದು ನಿರ್ಧಾರ ಮಾಡಿ ಮೂರು ಗಂಟೆಗೇ ಹೋಗಿ ಹಾಜಿರಾಬಿಯ ಮಂಚದ ಪಕ್ಕ ಕೂತಳು. ಯಾರು ಬರುತ್ತಾರೋ ಬರಲಿ, ಕಣ್ಣಾರೆ ನೋಡಿಬಿಡುವುದು. ಹೊರಗೆ ಚುರುಕು ಬಿಸಿಲು. ಕೋಳಿಯೊಂದು ಹೊಸ್ತಿಲ ಮೇಲೆ ನಿಂತು ಒಳಗೆ ಇಣುಕಿತು, ಯಾರೋ ದಾರಿ ಕೇಳಿದ ಹಾಗೆ ಪಕ್ಕಕ್ಕೆ ಸರಿಯಿತು.

"ಸರಕೋ ಬೇಟಿ" ಎಂದಳು ಹಾಜಿರಾಬಿ ಮೆಲ್ಲಗೆ. "ಆಕಿ ನಿಂತಾಳ. ಜಾಗಾ ಬಿಡು."

ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೆ ಹಾಜಿರಾಬಿಯ ದೊಡ್ಡ ಮೈ, ಕೆಳಗೆ ಕೈ ತೂರಿಸಿದಾಗ ಅಲುಗುವ ಹಾಗೆ ಒಂದಿಷ್ಟು ಅಲುಗಿತು, ಮುಖದ ಗಂಟು ಸಡಿಲಾಯಿತು. "ಹಾಂ... ಅಲ್ಲೇ... ಯಾ ಅಲ್ಲಾ" ಎಂದು ಮುದುಕಿ ಉಸಿರು ಬಿಟ್ಟಳು.

ನಾಗರತ್ನಾ ಎದ್ದಳು. ಏನು ಮಾಡಬೇಕೆಂದು ತಿಳಿಯದೆ, ಹಿರಿಯರೆದುರು ಏಳುವಾಗಿನ ರೂಢಿಯಲ್ಲಿ, "ಕುಂದರ್ರಿ, ನಾ ಬರತೇನಿ" ಎಂದು ಖಾಲಿ ಗಾಳಿಗೆ ಹೇಳಿ, ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಬೀದಿಗೆ ಬಂದಳು. ಕಾಲು ಸುಡುತ್ತಿದೆ ಎಂಬುದು ಕೋಟೆಯ ಬಾಗಿಲು ಬಂದ ಮೇಲೆ ಗೊತ್ತಾಯಿತು.

ಆಮೇಲಿನ ಆರು ದಿನ ಬೆಳಿಗ್ಗೆಯೇ ಹೋಗಿ ಬೇಗ ಕೆಲಸ ಮುಗಿಸಿ ಬಂದಳು. ಬಟ್ಟೆಬರೆ ಕಟ್ಟಿದಳು. ಶನಿವಾರ ಬಂತು.

ರಾಮದುರ್ಗದಲ್ಲಿ ಪರಿಚಯದವರ ಅಟ್ಟದ ಮೇಲಿನ ಕೋಣೆಯಲ್ಲಿ ಕೂಟ. ನೇಸರಗಿ ಕಡೆಯವರು, ಮನೋಳಿಯವರು, ಎಲ್ಲ ಬಂದರು. ಕಿತ್ತೂರಿನ ಲಕ್ಷ್ಮಣ ಬುಟ್ಟಿ ತುಂಬ ಪೇರಲ ತಂದಿದ್ದ. ಪೂನಮ್ ಶೇಂಗಾ ಹಿಂಡಿ ತಂದಿದ್ದಳು. ಬೈಲಹೊಂಗಲದ ಕಾಡಪ್ಪನವರು ಎಲ್ಲರಿಗಿಂತ ಹಿರಿಯರು. ಎಪ್ಪತ್ತೆರಡರ ನಿವೃತ್ತ ಮಾಸ್ತರು, ಈಗ ಅಲ್ಲಿನ ಸಣ್ಣ ಪ್ರಾರ್ಥನಾಮಂದಿರ ನೋಡಿಕೊಳ್ಳುವವರು. ನಾಗರತ್ನಾಳ ಮುಖ ನೋಡಿದವರೇ ತಮ್ಮ ತಾಟಿನ ಬೆಣ್ಣೆಯನ್ನು ಅವಳ ರೊಟ್ಟಿಯ ಮೇಲೆ ಇಟ್ಟರು.

ಊಟವಾದ ಮೇಲೆ ನಾಗರತ್ನಾ ಡಬ್ಬಿಯನ್ನು ನಡುವೆ ಇಟ್ಟು, ತನ್ನ ಚೀಟಿಯನ್ನು ಬಿಡಿಸಿ ತೋರಿಸಿದಳು.

"ಇದು ಡಬ್ಬ್ಯಾಗನ ಉಳದಿತ್ತು. ಕೇಳಬಾರದು ಅನ್ನೋದು ನನಗೂ ಗೊತ್ತೈತಿ. ಆದರೂ ಕೇಳತೇನಿ. ಸುಂದರವ್ವಕ್ಕನ ಚೀಟಿ ಯಾರಿಗೆ ಬಂತು? ತೊರಗಲ್ಲಿಗೆ ಯಾರು ಬಂದಿದ್ರಿ?"

ಪೂನಮ್ ಬಾಯಿಗೆ ಸೆರಗು ಹಿಡಿದಳು. "ಅಯ್ಯ, ತಗದಿಲ್ಲೇನು ಆಕಿ ಹೆಸರು? ಲಕ್ಷ್ಮಣ ತಗದಾನ ಅನ್ಕೊಂಡಿದ್ದೆ ನಾ."

"ನಾ ನೀ ತಗದಿ ಅನ್ಕೊಂಡೆ" ಎಂದ ಲಕ್ಷ್ಮಣ.

ಕಾಡಪ್ಪನವರು ಬೈಬಲ್ಲಿನಿಂದ ಒಂದು ಹಳದಿಯಾದ ಚೀಟಿ ತೆಗೆದು ಚಾಪೆಯ ಮೇಲಿಟ್ಟರು.

"ನನಗ ಬಂತವ್ವ. ಅವತ್ತ ಬಿಚ್ಚಿ ನೋಡಿದೆ, ಎದಿ ಧಸ್ ಅಂತು. ಆದ್ರ ಎರಡ ತಿಂಗಳಾದ ಮ್ಯಾಲ ಅವತ್ತ ನೀವೆಲ್ಲ ನಗಾಕತ್ತಿದ್ರಿ. ನಾ ಹೇಳಿದ್ರ ಮತ್ತ ಎಲ್ಲಾರೂ ಅಳತೀರಿ ಅಂತ ಸುಮ್ಮನಾದೆ."

"ತೊರಗಲ್ಲಿಗೆ ಬಂದಿದ್ರೇನು?"

"ಇಲ್ಲ. ಆಕಿ ಗೋರಿ ಕಡೆ ಒಂದು ದಾಸವಾಳ ಹಚ್ಚಿ ಬಂದೆ, ಅಷ್ಟ." ಅವರು ಚೀಟಿಯ ಮಡಿಕೆಯನ್ನು ಬೆರಳಿನಿಂದ ನೇರ ಮಾಡಿದರು. "ಆದ್ರ ಒಂದು ತಪ್ಪ ಮಾಡೇನಿ. ಸತ್ತವರ ಸಲುವಾಗಿ ಪ್ರಾರ್ಥನಾ ಮಾಡೋ ಪದ್ಧತಿ ನಮ್ಮಲ್ಲಿಲ್ಲ. ಚೀಟಿ ಕೈಯಾಗ ಹಿಡಕೊಂಡು ಸುಮ್ನ ಕುಂದರಬೇಕು ಅನ್ಕೊಂಡಿದ್ದೆ. ಆದ್ರ ಇಪ್ಪತ್ತೆರಡು ವರ್ಷದಾಗ ಆಕಿ ಚೀಟಿ ನನಗ ಎಷ್ಟ ಸಲ ಬಂದಿತ್ತೋ, ಅವೇ ಮಾತು ಬಾಯಾಗ ಕುಂತಾವ. ಬೆಳಿಗ್ಗೆ ಐದಕ್ಕ ಏಳತೇನಿ, ಅರೆನಿದ್ದಿ, 'ಕರ್ತನೇ, ಸುಂದರವ್ವನ ಕೈಗೆ ಬಲಾ ಕೊಡು, ತೊರಗಲ್ಲಿನ ಕೆಲಸದಾಗ ಆಕಿನ್ನ ನಿಲ್ಲಸು' ಅಂತ ಅಂದಬಿಡತಿದ್ದೆ. ಅಂದ ಮ್ಯಾಲ ಎಚ್ಚರ ಆಗತಿತ್ತು. ಒಂದ ದಿನ ಅಲ್ಲ, ಎರಡ ದಿನ ಅಲ್ಲ. ತಿಂಗಳ ಪೂರ್ತಿ."

ನಾಗರತ್ನಾ ಕೊಡ, ಸೀರೆ, ಗಂಟು, ಹಾಜಿರಾಬಿಯ ಮಾತು ಎಲ್ಲವನ್ನೂ ಹೇಳಿದಳು. ಚೀಲದಲ್ಲಿದ್ದ ಆಸ್ಪತ್ರೆಯ ಪತ್ರವನ್ನೂ ತೆಗೆದು ಇಟ್ಟಳು. "ಸೋಮವಾರ ಹೋಗಬೇಕಂತ ಇದ್ದೆ."

ಲಕ್ಷ್ಮಣ ಪೇರಲ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟ. "ಸರ್, ನಾಳಿಂದ ನೀವು ಆ ಪ್ರಾರ್ಥನಾ ನಿಲ್ಲಸ್ರಿ. ತಾನ ನಿಲ್ಲತೇತಿ."

"ನಾ ನಿಲ್ಲಸ್ತೇನಪಾ. ಆಕಿ ನಿಲ್ಲಬೇಕಲ್ಲ?" ಎಂದರು ಕಾಡಪ್ಪನವರು. "ಮುಂದಿನಾಕಿ ಬರೂತನಕ ಪಾಳಿ ಬಿಟ್ಟ ಹ್ವಾದಾಕಿ ಅಲ್ಲ ಆಕಿ. ನಮ್ಮೊಳಗ ಒಬ್ಬರು ಒಂದ ಊರು ಬಿಡೋ ಮುಂದ, ಅವರ ಜಾಗಾಕ್ಕ ಬಂದವರು ಅವರ ಎರಡೂ ಕೈ ಹಿಡದು, 'ಇನ್ನ ನಾ ನೋಡ್ಕೋತೇನಿ, ನೀವು ದಣಿವಾರಿಸ್ಕೋರಿ' ಅಂತಾರ. ನಾನೂ ಬೈಲಹೊಂಗಲಕ್ಕ ಬಂದಾಗ ಹಂಗ ಅಂದಿದ್ದೆ. ಸುಂದರವ್ವಗ ಅದನ್ನ ಯಾರೂ ಅನ್ನಲಿಲ್ಲ."

ಯಾಕೆ ಅನ್ನಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಂದವಳು ಮೂರೇ ತಿಂಗಳು ಎಂದು ಹೇಳಿ ಬಂದಿದ್ದಳು. 'ಇನ್ನ ನಾ ನೋಡ್ಕೋತೇನಿ' ಎಂದವರು ಹಾಗೆ ಎದ್ದು ಹೋಗುವಂತಿಲ್ಲ.

"ನಿನಗ ಯಾರೂ ಒತ್ತಾಯ ಮಾಡಂಗಿಲ್ಲ" ಎಂದು ಕಾಡಪ್ಪನವರು ಪತ್ರವನ್ನು ಮಡಚಿ ಅವಳ ಕೈಗೇ ಕೊಟ್ಟರು. "ಹೋಗತೀ ಅಂದ್ರ ನಾನ ನಿನ್ನ ಗಂಟು ಹೊತಗೊಂಡು ಬಸ್ ಹತ್ತಸ್ತೇನಿ. ಖರೇನ ಹೇಳತೇನಿ."

ಪೂನಮ್ ಹತ್ತಿರ ಸರಿದು ಕೂತಳು. "ತಪ್ಪ ನಮ್ಮದೈತಿ ನಾಗೂ. ಚೀಟಿ ಎತ್ತಿದ್ವಿ, ಮುಗೀತು ಅನ್ಕೊಂಡ್ವಿ. ಮೂರ ತಿಂಗಳಾಗ ನಿನ್ನ ಮನಿಗೆ ಒಬ್ಬರೂ ಬರಲಿಲ್ಲ. ನೀ ಇರು, ಹೋಗು, ಅದು ಬ್ಯಾರೆ ಮಾತು. ಇವತ್ತ ಮಾತ್ರ ನಾ ನಿನ್ನ ಜೋಡಿ ಬರಾಕಿ."

ನಾಗರತ್ನಾ ಪತ್ರವನ್ನು ಮತ್ತೆ ಚೀಲಕ್ಕೆ ಹಾಕಿದಳು. ಅವಳ ಕಣ್ಣ ಮುಂದೆ ಬಂದದ್ದು ದೆವ್ವವಲ್ಲ. ಬಿಸಿಲಲ್ಲಿ ಓಣಿಯಿಂದ ಓಣಿಗೆ, ಕೂರಲು ಯಾರೂ ಹೇಳದೆ, ಇನ್ನೂ ನಡೆಯುತ್ತಿರುವ ಒಬ್ಬ ಮುದುಕಿ. ಸಾಕು ಅಂತ ಹೇಳುವವರು ಇಲ್ಲದ್ದಕ್ಕೆ ನಡೆಯುತ್ತಿರುವವಳು.

"ನಾಕರ ಒಳಗ ಮುಟ್ಟಬೇಕು, ಆಕಿ ಬರೂ ಹೊತ್ತು ಅದು" ಎಂದಳು. "ಏಳ್ರಿ."

ಲಕ್ಷ್ಮಣನೂ ಉಳಿದವರೂ ಬಸ್ ನಿಲ್ದಾಣದತನಕ ಬಂದು ಕಳಿಸಿಕೊಟ್ಟರು. ಅವಳು, ಪೂನಮ್, ಕಾಡಪ್ಪನವರು ಮೂವರೂ ತೊರಗಲ್ಲಿನಲ್ಲಿ ಇಳಿದು ಕೋಟೆಬಾಗಿಲು ದಾಟಿ ಹೋದಾಗ, ಅಂದು ಕೂಲಿಯಿಲ್ಲದ ಗುಲಫಶಾ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಪೂನಮ್ ಮತ್ತು ಕಾಡಪ್ಪನವರು ಹೊರಗಿನ ಕಟ್ಟೆಯ ಮೇಲೆ ಕೂತರು. "ನಾವು ಇಲ್ಲೇ ಕುಂತಿರತೇವಿ. ಎಷ್ಟ ಹೊತ್ತಾದ್ರೂ" ಎಂದರು ಕಾಡಪ್ಪನವರು.

ನಾಗರತ್ನಾ ಒಳಗೆ ಹೋಗಿ ಮಂಚದ ಬಳಿ ನಿಂತಳು.

"ಅಮ್ಮಾ, ಆಕಿ ಬಂದಾಳೇನು?"

"ಆಗಲೇ ಬಂದಾಳ" ಎಂದಳು ಹಾಜಿರಾಬಿ, ಕಾಣದ ಕಣ್ಣನ್ನು ಮಂಚದ ಆ ಬದಿಗೆ ತಿರುಗಿಸಿ. "ನಿನ್ನ ದಾರಿ ಕಾಯಾಕತ್ತಾಳ ಅನಸ್ತೇತಿ. ಸುಮ್ನ ನಿಂತಾಳ."

ನಾಗರತ್ನಾ ಎರಡೂ ಕೈಗಳನ್ನು ಮಂಚದ ಮೇಲಿಂದ ಆ ಬದಿಗೆ ಚಾಚಿದಳು. ಬೈಲಹೊಂಗಲ, ಮೀನಾಳ ಮನೆಯ ಪಡಸಾಲೆ, ಮಾತಾಡುವ ಜನ ಎಲ್ಲ ಒಂದು ಸಲ ಕಣ್ಣಿಗೆ ಬಂತು. ಅವು ಹೋಗುವತನಕ ಕಾದಳು.

"ಅಕ್ಕಾ," ಎಂದಳು. "ಇನ್ನ ನಾ ನೋಡ್ಕೋತೇನಿ. ನೀವು ದಣಿವಾರಿಸ್ಕೋರಿ."

ಅಂಗೈಗೆ ಏನೂ ತಾಗಲಿಲ್ಲ. ಬಿಸಿಲ ಕೋಲಿನಲ್ಲಿ ಧೂಳು ತೇಲುವುದು ಮಾತ್ರ ನಿಂತಿತ್ತು.

"ಹಿಡಕೊಂಡಾಳ" ಎಂದಳು ಹಾಜಿರಾಬಿ ಪಿಸುದನಿಯಲ್ಲಿ.

ನಾಗರತ್ನಾ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಹೊರಗೆ ಕಾಡಪ್ಪನವರು ಕೆಮ್ಮಿದ್ದು ಕೇಳಿಸಿತು. ಧೂಳು ಮತ್ತೆ ತೇಲತೊಡಗಿತು.

"ಬಿಟ್ಲು" ಎಂದಳು ಹಾಜಿರಾಬಿ. ಆಮೇಲೆ ತನ್ನಷ್ಟಕ್ಕೇ ಎಂಬಂತೆ, "ಹೋಗಿ ಬಾ ಅವ್ವಾ" ಎಂದಳು.

ಕೆಲಸ ಕಾದಿತ್ತು. ನಾಗರತ್ನಾ ಕಣ್ಣೊರೆಸಿಕೊಂಡು, ಹುಣ್ಣು ತೊಳೆಯಲು ಮುದುಕಿಯನ್ನು ಮಗ್ಗುಲಿಗೆ ಹೊರಳಿಸಲೆಂದು ದಿನದ ಹಾಗೆ ಹೆಗಲ ಕೆಳಗೊಂದು, ಸೊಂಟದ ಕೆಳಗೊಂದು ಕೈ ತೂರಿಸಿ ಎತ್ತಿದಳು. ಮೈ ಮಿಸುಕಲಿಲ್ಲ. ಮತ್ತೆ ಎತ್ತಿದಳು. ಕಲ್ಲಿನ ಹಾಗೆ ಭಾರ. ಮೂರು ತಿಂಗಳು, ದಿನಾ, ತಾನೊಬ್ಬಳೇ ಇವಳನ್ನು ಹೊರಳಿಸುತ್ತಿದ್ದೇನೆಂದು, ಅದು ತನ್ನ ನರ್ಸಿಂಗ್ ಕಲಿಕೆಯ ಚಾತುರ್ಯವೆಂದು ತಿಳಿದಿದ್ದಳು. ಈಗ ಮಂಚದ ಆ ಬದಿ ನಿಜವಾಗಿಯೂ ಖಾಲಿಯಾಗಿತ್ತು.

"ಯಾರರೆ ಒಳಗ ಬರ್ರಿ" ಎಂದು ಕೂಗಿದಳು. "ಒಬ್ಬಾಕಿ ಕಡೆ ಆಗವಲ್ದು. ಆ ಕಡೆ ಹಿಡೀಬೇಕು."

ಕಟ್ಟೆಯ ಮೇಲಿದ್ದ ಇಬ್ಬರೂ ಒಟ್ಟಿಗೆ ಎದ್ದ ಸಪ್ಪಳವಾಯಿತು. ಆದರೆ ಅವರು ಹೊಸ್ತಿಲು ದಾಟುವ ಮೊದಲೇ ಅಡುಗೆಮನೆಯಿಂದ ಗುಲಫಶಾ ಓಡಿ ಬಂದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಂಚದ ಆ ಬದಿಗೆ ಹೋಗಿ ನಿಂತು, ಅತ್ತೆಯ ಸೊಂಟದ ಕೆಳಗೆ ಕೈ ತೂರಿಸಿದಳು.

"ಹೆಂಗ ಎತ್ತಬೇಕು ಹೇಳ್ರಿ ಸಿಸ್ಟರ್," ಎಂದಳು, "ನಾ ಯಾವತ್ತೂ ಮಾಡಿಲ್ಲ."